ಈ ರೈಲು ಆಟ ಯಾಕಪ್ಪಾ ಅಂತ ಕೇಳಿದವರಿಗೆ



ಇತ್ತೀಚೆಗೆ ಯಾವ ಸಭೆಗೆ ಹೋದರೂ ನನಗೆ ಒಂದೇ ಪ್ರಶ್ನೆ. "ಅಲ್ಲೋ ದೋಸ್ತ, ನೀ ಮನ್ಯಾಗ ಸಣ್ಣ ರೈಲು ಓಡಸ್ತಿಯಂತಲ್ಲ, ಖರೇ ಏನು?" ಖರೇ ಅಂದರೆ ನಗ್ತಾರ. ಕೆಲವರು ನಗೋದಿಲ್ಲ, ಬುದ್ಧಿ ಹೇಳ್ತಾರ. "ಒಳಮೀಸಲಾತಿ, ಸ್ಮಶಾನದ ಜಾಗ, ಹಾಸ್ಟೆಲ್ ಹುಡುಗರ ಊಟ, ಇಷ್ಟೆಲ್ಲಾ ಕೆಲಸ ಬಿದ್ದಾವ. ನೀ ನೋಡಿದರ ಆಟದ ಸಾಮಾನು ಹಿಡಕೊಂಡು ಕುಂತೀದಿ. ಇವು ಶ್ರೀಮಂತರ ಶೋಕಿ ಅಲ್ಲೇನೋ?" ಅಂತಾರ.

ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವಷ್ಟು ಪುರಸೊತ್ತಿಲ್ಲ. ಅದಕ್ಕೇ ಇಲ್ಲಿ ಒಮ್ಮೆಲೇ ಬರೀತೀನಿ. ಸ್ವಲ್ಪ ಉದ್ದ ಐತಿ, ಸಮಾಧಾನದಿಂದ ಓದ್ರಿ.

ಮೊದಲು ಇದು ಏನು ಅನ್ನೋದು ಹೇಳ್ತೀನಿ. ಜಾತ್ರೆಯಲ್ಲಿ ಕೀಲಿ ತಿರುವಿ ಬಿಡುವ ರೈಲು ಅಲ್ಲ ಇದು. ನಿಜವಾದ ರೈಲು, ಹಳಿ, ಸ್ಟೇಷನ್, ಗುಡ್ಡ, ಹಳ್ಳ, ಊರು ಎಲ್ಲವನ್ನೂ ಒಂದೇ ಅಳತೆಯಲ್ಲಿ ಸಣ್ಣದು ಮಾಡಿ ಕಟ್ಟೋದು. ಜಗತ್ತಿನಲ್ಲಿ ಹೆಚ್ಚು ಜನ ಬಳಸುವ ಅಳತೆಗೆ ಎಚ್‌ಓ ಅಂತಾರೆ. ಅದರಲ್ಲಿ ಎಲ್ಲವೂ ಇದ್ದದ್ದರ 87ರಲ್ಲಿ ಒಂದು ಪಾಲು. ಐದೂವರೆ ಅಡಿ ಮನುಷ್ಯ ಇಲ್ಲಿ ಎರಡು ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ. ನಮ್ಮ ಬ್ರಾಡ್‌ಗೇಜಿನ ಹಳೇ ನೀಲಿ ಬೋಗಿ ಸುಮಾರು 21 ಮೀಟರ್ ಉದ್ದ, ಇಲ್ಲಿ ಗೇಣಿಗಿಂತ ಸ್ವಲ್ಪ ಹೆಚ್ಚು. ಒಂದು ಕಿಲೋಮೀಟರ್ ಹಳಿ ಅಂದರೆ ಹನ್ನೊಂದೂವರೆ ಮೀಟರ್. ಇಂಜಿನಿನೊಳಗೆ ಒಂದು ಸಣ್ಣ ಮೋಟಾರ್ ಇರ್ತದೆ. ಎರಡು ಹಳಿಗಳ ಮೂಲಕವೇ 12 ವೋಲ್ಟ್ ಕರೆಂಟ್ ಹೋಗ್ತದೆ. ಪ್ಲಸ್ ಮೈನಸ್ ಅದಲು ಬದಲು ಮಾಡಿದರೆ ಗಾಡಿ ಹಿಂದಕ್ಕೆ ಬರ್ತದೆ. ಇಷ್ಟೇ ಇದರ ವಿದ್ಯೆ. ಉಳಿದದ್ದೆಲ್ಲ ಕೈ ಕೆಲಸ ಮತ್ತು ತಾಳ್ಮೆ.

ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್ಜಿಗ್ ಜಾತ್ರೆಯಲ್ಲಿ ಇಂಥ ಆಟದ ರೈಲುಗಳನ್ನು ಗೊತ್ತಾದ ಅಳತೆಯ ಹಳಿಗಳ ಸಮೇತ ಮಾರಾಟಕ್ಕೆ ಇಟ್ಟಿತು. ಹಳಿಗೆ ಹಳಿ ಜೋಡಿಸ್ತಾ ಹೋಗಬಹುದು ಅಂತಾದ ಮೇಲೆ ಇದು ಬರೀ ಆಟಿಗೆಯಾಗಿ ಉಳಿಯಲಿಲ್ಲ, ಕಟ್ಟುವವರ ಹವ್ಯಾಸ ಆಯ್ತು. ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ವಿದ್ಯಾರ್ಥಿಗಳು ಇಂಥದ್ದೇ ಒಂದು ಕ್ಲಬ್ ಕಟ್ಟಿಕೊಂಡರು. ಹಲಗೆಯ ಕೆಳಗೆ ವೈರು, ರಿಲೇ ಜೋಡಿಸ್ತಾ ಕುಂತಿದ್ದ ಆ ಕ್ಲಬ್ಬಿನ ಹುಡುಗರೇ ಮುಂದೆ ಕಂಪ್ಯೂಟರಿಗೆ ಕೈ ಹಾಕಿದರು. ಈಗ ಎಲ್ಲರ ಬಾಯಲ್ಲಿರುವ 'ಹ್ಯಾಕ್' ಅನ್ನೋ ಮಾತು ಆ ಅರ್ಥದಲ್ಲಿ ಬೆಳೆದದ್ದು ಅವರ ನಡುವೆ. ಆಟ ಅಂತ ಹಗುರ ಮಾಡುವವರು ಇದನ್ನೂ ನೆನಪಿಡಬೇಕು.

ಇನ್ನು ಶ್ರೀಮಂತರ ಶೋಕಿ ಅನ್ನೋ ಮಾತು. ಹೊರದೇಶದ ಹೊಸ ಇಂಜಿನ್ ತರಿಸಿದರೆ ನನ್ನ ಪಗಾರದ ದೊಡ್ಡ ಪಾಲು ಹೋಗ್ತದೆ, ಅದು ಖರೆ. ಆದರೆ ನಮ್ಮ ಕಡೆ ಸಣ್ಣ ಪ್ರತಿರೂಪ ಮಾಡೋದು ಯಾರಿಗೆ ಹೊಸದು? ಮಣ್ಣೆತ್ತಿನ ಅಮಾವಾಸ್ಯೆಗೆ ಎರಿ ಮಣ್ಣು ಕಲಸಿ ಎತ್ತು, ಗ್ವಾದ್ಲಿ ಮಾಡಿದವರು ನಾವು. ಜೋಳದ ದಂಟಿನ ಬೆಂಡು ಬಿಡಿಸಿ ಬಂಡಿ ಕಟ್ಟಿ ಓಣಿ ತುಂಬಾ ಎಳೆದವರು ನಾವು. ನನ್ನ ಕೈಗೆ ಈ ಕೆಲಸ ಕಲಿಸಿದ್ದು ಯೂಟ್ಯೂಬ್ ಅಲ್ಲ, ಆ ದಂಟು.

ನನ್ನ ಸಾಮಾನಿನ ಪಟ್ಟಿ ಕೇಳ್ರಿ. ಕರೆಂಟಿಗೆ ಆಫೀಸಿನವರೊಬ್ಬರು ಮನೆಯಲ್ಲಿ ಬಿಸಾಡಿದ್ದ ವೈಫೈ ರೌಟರಿನ ಅಡಾಪ್ಟರ್, ಅದೂ 12 ವೋಲ್ಟೇ. ಗುಡ್ಡಕ್ಕೆ ಟಿವಿ ಡಬ್ಬಿಯೊಳಗಿನ ಥರ್ಮಾಕೋಲ್, ಮೇಲೆ ಹಳೇ ಪೇಪರು ಮತ್ತು ಪಿಓಪಿ. ಹುಲ್ಲಿಗೆ ಬಣ್ಣ ಹಾಕಿದ ಕಟ್ಟಿಗಿ ಹೊಟ್ಟು. ಜಾಲಿ ಗಿಡಕ್ಕೆ ಜಾಲಿಯದೇ ಸಣ್ಣ ಕಡ್ಡಿ. ಹಳಿ ನಡುವೆ ಹಾಕೋ ಖಡಿಗೆ ಜರಡಿ ಹಿಡಿದ ಸಣ್ಣ ಉಸುಕು. ಇದಕ್ಕೊಂದು ಉಪಾಯ ಐತಿ: ಉಸುಕು ಹರಡಿದ ಮೇಲೆ ನೀರು ಬೆರೆಸಿದ ಫೆವಿಕಾಲ್ ಹನಿ ಹನಿ ಬಿಡಬೇಕು, ಅದರಲ್ಲಿ ಪಾತ್ರೆ ತಿಕ್ಕುವ ಸೋಪಿನ ನೀರು ಒಂದು ಹನಿ ಹಾಕಿರಬೇಕು. ಸೋಪು ಇಲ್ಲದಿದ್ದರೆ ಹನಿ ಮೇಲೆಯೇ ಗುಂಡಾಗಿ ನಿಲ್ತದೆ, ಉಸುಕು ಅದಕ್ಕೆ ಅಂಟಿಕೊಂಡು ಮೇಲಕ್ಕೆ ಬರ್ತದೆ. ಸೋಪು ಇದ್ದರೆ ಸದ್ದಿಲ್ಲದೆ ಒಳಗೆ ಇಳೀತದೆ. ಬೆಳಗಾಗೋದ್ರೊಳಗ ಕಲ್ಲಾಗಿರ್ತದೆ.

ಈ ಹುಚ್ಚು ಹಿಡಿದದ್ದು ಪುಣೆಯಲ್ಲಿ. ಒಂದು ಕಾರ್ಯಕ್ರಮಕ್ಕೆ ಹೋದವನು ಬಿಡುವಿದ್ದಾಗ ಕೋಥ್ರೂಡಿನ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಲಿಕ್ಕೆ ಹೋದೆ. ಭಾವುಸಾಹೇಬ ಜೋಶಿ ಅನ್ನುವವರು ತಮ್ಮ ಜೀವಮಾನದ ಹವ್ಯಾಸವನ್ನು 1998ರಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟ ಜಾಗ ಅದು. ಒಂದು ಇಡೀ ಪಟ್ಟಣ, ಫ್ಲೈಓವರ್, ಸಿಗ್ನಲ್, ರೋಪ್‌ವೇ, ನಡುವೆ ಗಾಡಿಗಳ ಓಡಾಟ. ಕೋಣೆಯ ದೀಪ ಆರಿಸಿದಾಗ ಊರಿನ ಸಣ್ಣ ಸಣ್ಣ ದೀಪ ಹೊತ್ತಿಕೊಂಡವು. ನನ್ನ ಪಕ್ಕದಲ್ಲಿದ್ದ ಮಕ್ಕಳಿಗಿಂತ ನಾನೇ ಹೆಚ್ಚು ಬಗ್ಗಿ ನೋಡಿದೆ. ಮನುಷ್ಯ ಒಂದು ಊರನ್ನು ತನ್ನ ಕೈಯಾರೆ ಕಟ್ಟಬಹುದು ಅನ್ನೋದು ಅವತ್ತು ಹೊಳೀತು. ಸೋಲಾಪುರದ ತನಕ ಗಾಡಿಯಲ್ಲಿ ಕುಂತು ಅದನ್ನೇ ಯೋಚಿಸಿದೆ. ನಾನು ಕಟ್ಟಿದರೆ ಯಾವ ಊರು ಕಟ್ಟಲಿ?

ಉತ್ತರ ಹುಡುಕಬೇಕಾಗಿರಲಿಲ್ಲ. ನಾನು ಈಗಿರೋದು ಇಬ್ರಾಹಿಂಪುರದಲ್ಲಿ. ವಿಜಯಪುರ ಸ್ಟೇಷನ್ ಬಿಟ್ಟು ದಕ್ಷಿಣಕ್ಕೆ ಹೊರಟರೆ ನಮ್ಮದು, ಆಮೇಲೆ ಜುಮನಾಳ, ಮೂಲವಾಡ, ಕೂಡಗಿ, ಆಲಮಟ್ಟಿ. ಈಗ ಈ ದಾರಿಯಲ್ಲಿ ಕೂಡಗಿಯ 2400 ಮೆಗಾವ್ಯಾಟ್ ಸ್ಥಾವರಕ್ಕೆ ಕಲ್ಲಿದ್ದಲಿನ ಗಾಡಿ ಓಡಾಡ್ತಾವ. ಆದರೆ ನನ್ನ ಕಿವಿಯಲ್ಲಿರೋದು ಹಳೇ ಗಾಡಿ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹಾಕಿದ ಗದಗ–ಹೊಟಗಿ ದಾರಿ ಅದು, ಮೀಟರ್ ಗೇಜ್. ಪೂರ್ತಿ ಬ್ರಾಡ್‌ಗೇಜ್ ಆಗಿದ್ದು 2008ರ ಹೊತ್ತಿಗೆ. ನಮ್ಮ ಮುತ್ಯಾ ಆ ಮೀಟರ್ ಗೇಜಿನ ಕೀಮ್ಯಾನ್.

ಕೀಮ್ಯಾನ್ ಅಂದರೆ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ಕೆಂಪು ಹಸಿರು ಬಾವುಟ. ದಿನಾ ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು ಹೋಗಿ, ಸಡಿಲಾದ ಕೀಲು ಬಡಿದು, ಫಿಶ್‌ಪ್ಲೇಟ್ ಬೋಲ್ಟ್ ನೋಡಿ ಬರಬೇಕು. ಮಳೆ, ಬಿಸಿಲು, ಹಬ್ಬ ಅನ್ನಂಗಿಲ್ಲ. ಅವನು ನಡೆದಿದ್ದಕ್ಕೆ ಗಾಡಿ ನಡೀತಿತ್ತು. ಗಾಡಿಯೊಳಗೆ ಕುಂತವರಿಗೆ ಅವನು ಕಿಟಕಿಯಾಚೆ ಅರೆಕ್ಷಣ ಕಂಡು ಹೋಗುವ ಒಬ್ಬ ಮನುಷ್ಯ, ಅಷ್ಟೇ.

ನಾನು ಕಟ್ಟಿದ್ದು ಮುತ್ಯಾನ ಕಾಲದ ನಮ್ಮ ಮೂಲ ಊರು. ಡೋಣಿ ಸಾಲಿನ ಹಳ್ಳಿ, ಹೆಸರು ಬೇಡ. ನಿಮ್ಮ ಊರೂ ಆಗಬಹುದು. ಮೀಟರ್ ಗೇಜ್ ಅಂದರೆ 1000 ಮಿಲಿಮೀಟರ್, 87ರಿಂದ ಭಾಗಿಸಿದರೆ ಹನ್ನೊಂದೂವರೆ. ಎಚ್‌ಓದಲ್ಲಿ ಇದಕ್ಕೆ 12 ಮಿಲಿಮೀಟರ್ ಹಳಿ ಬಳಸ್ತಾರೆ. ನಮ್ಮ ಅಂಗಡಿಗಳಲ್ಲಿ ಆ ಹಳಿ ಎಲ್ಲಿ ಸಿಗಬೇಕು! ತಾಮ್ರ ಹಚ್ಚಿದ ಸರ್ಕ್ಯೂಟ್ ಬೋರ್ಡು ತಂದು ಸಣ್ಣ ಪಟ್ಟಿ ಕತ್ತರಿಸಿ ಸ್ಲೀಪರ್ ಮಾಡಿದೆ. ಹಳೇ ಸೆಟ್ಟಿನ ಹಳಿ ಎಳೆದು ತೆಗೆದು ಅದರ ಮೇಲೆ ಬೆಸುಗೆ ಹಾಕಿದೆ. ಪ್ರತಿ ಪಟ್ಟಿಯ ನಡುವೆ ತಾಮ್ರ ಕೆರೆದು ತೆಗೀಬೇಕು, ಇಲ್ಲದಿದ್ದರೆ ಎರಡೂ ಹಳಿ ಸೇರಿ ಶಾರ್ಟ್ ಆಗ್ತದೆ. ಆಫೀಸಿನಿಂದ ಬಂದು ದಿನಕ್ಕೊಂದು ಗೇಣು. ಮುತ್ಯಾ ನಡೆದ ದಾರಿಯನ್ನು ಮೊಮ್ಮಗ ಮೊಣಕಾಲೂರಿ ಹಾಕಿದ ಅನ್ಕೊಳ್ರಿ.

ಊರು ಅಂದ ಮೇಲೆ ಜನ ಬೇಕಲ್ಲ. ಜರ್ಮನಿಯ ಪ್ರೈಸರ್ ಕಂಪನಿ ಈ ಅಳತೆಯ ಗೊಂಬೆಗಳಿಗೆ ಹೆಸರುವಾಸಿ. ಕೋಟು ಹಾಕಿದವರು, ಸೈಕಲ್ ಹೊಡೆಯುವವರು, ಹಳಿ ಕೆಲಸದವರು ಎಲ್ಲ ಸಿಗ್ತಾರೆ. ಆದರೆ ಪಟಗಾ ಸುತ್ತಿದ ಮುತ್ಯಾ, ಇಳಕಲ್ ಸೀರಿ ಉಟ್ಟ ಆಯಿ ಆ ಡಬ್ಬಿಯಲ್ಲಿ ಇರೋದಿಲ್ಲ. ಹಿಂಗಾಗಿ ತಂತಿ ಬಾಗಿಸಿ, ಎಂ-ಸೀಲ್ ಮೆತ್ತಿ, ಸೂಜಿಯಿಂದ ಮೂಗು ಮುಖ ತೀಡಿ ನಾನೇ ಮಾಡ್ತೀನಿ. ಮೊದಲು ಮಾಡಿದ್ದು ಮುತ್ಯಾನನ್ನು. ಎರಡು ಸೆಂಟಿಮೀಟರ್ ಮುತ್ಯಾ, ಹೆಗಲ ಮೇಲೆ ಗುಂಡುಸೂಜಿಯ ಸುತ್ತಿಗೆ.

ಎರಡನೆಯದು, ಸ್ಟೇಷನ್ನಿನಲ್ಲಿ ಎರಡು ಹಳಿ ನಡುವೆ ಕಸಬರಿಗೆ ಹಿಡಿದು ಬಗ್ಗಿದ ಒಬ್ಬ ಹೆಣ್ಣುಮಗಳು. ಆಕೆ ಏನು ಬಳೀತಿದ್ದಾಳೆ ಅಂತ ನಿಮಗೆ ಹೇಳಬೇಕಿಲ್ಲ. ಬೋಗಿಯ ಸಂಡಾಸು ನೇರವಾಗಿ ಹಳಿ ಮೇಲೆ ಬೀಳ್ತಿದ್ದ ಕಾಲ ಅದು. ಗಾಡಿ ನಿಂತಾಗ ಬಳಸಬ್ಯಾಡ್ರಿ ಅಂತ ಬೋರ್ಡು ಇರ್ತಿತ್ತು. ಆದರೂ ಬಳಿಯುವವರು ಬೇಕೇ ಬೇಕಾಗಿದ್ದರು, ಅವರು ಯಾವ ಕೇರಿಯಿಂದ ಬರ್ತಿದ್ದರು ಅನ್ನೋದೂ ಎಲ್ಲರಿಗೂ ಗೊತ್ತು. ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಸಫಾಯಿ ಕರ್ಮಚಾರಿ ಆಂದೋಲನದವರು 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2013ರಲ್ಲಿ ಹೊಸ ಕಾಯ್ದೆ ಬಂತು, 2014ರ ಮಾರ್ಚ್ 27ರಂದು ತೀರ್ಪು ಬಂತು. ಬೋಗಿಗಳಿಗೆ ಬಯೋ ಟಾಯ್ಲೆಟ್ ಬಂದದ್ದು ಆ ದಶಕದಲ್ಲೇ. 1853ರಲ್ಲಿ ಮುಂಬೈ–ಠಾಣೆ ನಡುವೆ ಗಾಡಿ ಓಡಿದ ಮೇಲೆ ಅಷ್ಟು ವರ್ಷ ಬೇಕಾಯ್ತು. ಆ ಅವ್ವನನ್ನು ಯಾಕೆ ನಿಲ್ಲಿಸಿದಿ ಅಂತ ಒಬ್ಬರು ಕೇಳಿದರು. ಆಕೆ ಅಲ್ಲಿದ್ದಳು, ಅದಕ್ಕೆ.

ಈಗ ಮುಖ್ಯ ಮಾತಿಗೆ ಬರ್ತೀನಿ.

ಈ ಹವ್ಯಾಸದಲ್ಲಿ ಎಲ್ಲರೂ ಒಪ್ಪಿದ ಒಂದು ರಿಯಾಯತಿ ಐತಿ. ವಸ್ತುಗಳ ಅಳತೆ ತಪ್ಪಬಾರದು, ಆದರೆ ದೂರವನ್ನು ಕುಗ್ಗಿಸಬಹುದು. ಯಾಕಂದರೆ ಯಾರ ಮನೆಯಲ್ಲೂ ಅಷ್ಟು ಜಾಗ ಇರೋದಿಲ್ಲ. ಮುಂದಿನ ಸ್ಟೇಷನ್ ಎಂಟು ಕಿಲೋಮೀಟರ್ ದೂರ ಇದ್ದರೆ ಅಳತೆ ಪ್ರಕಾರ 92 ಮೀಟರ್ ಬೇಕು, ನನ್ನ ಕೋಣೆ ಹತ್ತು ಅಡಿಗೆ ಹನ್ನೆರಡು ಅಡಿ. ಹಿಂಗಾಗಿ ಆರು ಹೊಲ ಇದ್ದಲ್ಲಿ ಒಂದು ಹೊಲ ತೋರಿಸಬೇಕು, ಹದಿನಾಲ್ಕು ಬೋಗಿ ಇದ್ದಲ್ಲಿ ನಾಲ್ಕು ಹಚ್ಚಬೇಕು. ನಾನೂ ಹಂಗೇ ಮಾಡಿದೆ. ಗೋಡೆಗುಂಟ ಹಲಗೆ ಹಾಕಿ ಊರು ಕೂಡಿಸಿದೆ. ಗೌಡರ ವಾಡೆ, ಹನಮಪ್ಪನ ಗುಡಿ, ಕಟ್ಟಿ, ಬಾವಿ, ಸಾಲಿ. ಎಲ್ಲಾನೂ ಹತ್ತಿರ ಹತ್ತಿರ ತಂದೆ.

ನಮ್ಮ ಕೇರಿ ಇಡಬೇಕಾದಾಗ ಕೈ ನಿಂತಿತು.

ಜಾಗ ಇಲ್ಲ ಅಂತ ಕೇರಿಯನ್ನೂ ಹತ್ತಿರ ತರಬಹುದಿತ್ತು. ಬಾವಿಯಿಂದ ಒಂದು ಗೇಣು ಆಚೆ ಇಟ್ಟಿದ್ದರೆ ಯಾರೂ ಕೇಳ್ತಿರಲಿಲ್ಲ, ಹವ್ಯಾಸದ ನಿಯಮವೂ ಒಪ್ತದೆ. ಆದರೆ ಆ ದೂರ ನಮ್ಮ ಅವ್ವ ದಿನಾ ಕೊಡ ಹೊತ್ತು ನಡೆದ ದೂರ. ಬಾವಿಗೆ ಹೋಗಿ, ಕಟ್ಟಿ ಮುಟ್ಟದೆ ಕೆಳಗೆ ನಿಂತು, ಯಾರಾದರೂ ಮನಸ್ಸು ಮಾಡಿ ಮೇಲಿಂದ ನೀರು ಸುರಿಯುವ ತನಕ ಕಾದು, ತಿರುಗಿ ಬರಬೇಕಿತ್ತು. ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ್ದು 1927ರ ಮಾರ್ಚ್ 20ಕ್ಕೆ. ಅದಾಗಿ ಐವತ್ತು ವರ್ಷ ಕಳೆದರೂ ನಮ್ಮವ್ವ ಕೆಳಗೇ ನಿಂತಿದ್ದಳು.

ಊರಿಗೆ ಹೋಗಿ ನಡೆದು ನೋಡಿದೆ. ಬಾವಿಯಿಂದ ನಮ್ಮ ಹಳೇ ಮನೆಯ ತನಕ ನಾನೂರು ಹೆಜ್ಜೆ, ಅಂದಾಜು 280 ಮೀಟರ್. 87ರಿಂದ ಭಾಗಿಸಿದರೆ ಮೂರು ಮೀಟರ್ 22 ಸೆಂಟಿಮೀಟರ್. ಹತ್ತೂವರೆ ಅಡಿ. ಆ ದೂರ ನನ್ನ ಕೋಣೆಯಲ್ಲಿ ಹಿಡಿಸೋದಿಲ್ಲ.

ಎಲ್ಲ ದೂರ ಕುಗ್ಗಿಸಿದೆ, ಇದೊಂದನ್ನು ಕುಗ್ಗಿಸಲಿಲ್ಲ. ಬಾಗಿಲಿನಿಂದ ಆರು ಅಡಿ ಒಳಗೆ ಬಾವಿ. ಬಾಗಿಲು ದಾಟಿ ಒಂದು ಸಪೂರ ಹಲಗೆ ಪಡಸಾಲಿಗೆ ಬರ್ತದೆ, ನಾಲ್ಕೂವರೆ ಅಡಿ ಹೊರಗೆ ಬಂದು ಕೇರಿ ಮುಟ್ಟುತ್ತದೆ. ಅಲ್ಲಿ ಎಂಟು ಮನೆ, ಒಂದು ಬೇವಿನ ಗಿಡ, ಮುತ್ಯಾನ ಮನೆ ಮುಂದೆ ಹೊರಸು. ನಡುವಿನ ಹಲಗೆ ಮೇಲೆ ಕೊಡ ಹೊತ್ತ ಒಂದೇ ಒಂದು ಗೊಂಬೆ. ಹಲಗೆಗೆ ಎರಡು ಬೋಲ್ಟು, ಬೇಕಾದಾಗ ಬಿಚ್ಚಬಹುದು. ರಾತ್ರಿ ನನ್ನ ಹೆಂಡತಿ "ಬಾಗಲಾ ಹಾಕಬೇಕು, ನಿಮ್ಮ ದಾರಿ ಬಿಚ್ಚಿ ಇಡ್ರಿ" ಅಂತಾಳೆ. ಕೇರಿ ಮಾತ್ರ ಪಡಸಾಲಿಯಲ್ಲೇ ಇರ್ತದೆ. ನಾವು ಊಟಕ್ಕೆ ಕೂಡೋದು ಅದರ ಮಗ್ಗಲಿಗೇ.

ಬಂದವರು ಮೊದಲು ನೋಡೋದು ಕೇರಿಯನ್ನು. ಆಮೇಲೆ ಹಲಗೆಗುಂಟ ನಡೆದು ಒಳಗೆ ಹೋಗಿ ಊರು ನೋಡ್ತಾರೆ. ನಾನು ಯಾರಿಗೂ ಭಾಷಣ ಮಾಡೋದಿಲ್ಲ. ಹತ್ತೂವರೆ ಅಡಿ ಅವರೇ ನಡೀತಾರೆ.

ಒಬ್ಬ ಸಹೋದ್ಯೋಗಿ, ಒಳ್ಳೆಯ ಮನುಷ್ಯ, ನಮ್ಮವರಲ್ಲ. ಎಲ್ಲ ನೋಡಿ ಅಂದರು: "ಸರ್, ಎಷ್ಟ್ ಚಂದ ಮಾಡೀರಿ. ಆಟದಾಗೂ ಇದು ಬೇಕಿತ್ತೇನ್ರಿ? ಚಂದ ಒಂದು ಊರು ಮಾಡಿ ಬಿಟ್ಟಿದ್ರ ಆಗ್ತಿತ್ತಲ್ಲ." ನಮ್ಮ ಸಂಘಟನೆಯ ತಮ್ಮನೊಬ್ಬ ಬೇರೆಯೇ ಅಂದ: "ಅಣ್ಣಾ, ನೀ ಕಟ್ಟೋ ಊರಾಗಾದರೂ ಕೇರಿ ಇರಬಾರದಾಗಿತ್ತು. ಎಲ್ಲಾ ಮನಿ ಒಂದೇ ಸಾಲಿನ್ಯಾಗ ಇಡಬೇಕಿತ್ತು, ಅದಲ್ಲೇನು ನಮ್ಮ ಕನಸು?"

ಇಬ್ಬರ ಮಾತೂ ತೂಕದ್ದೇ. ಇಬ್ಬರಿಗೂ ನನ್ನ ಉತ್ತರ ಒಂದೇ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಬ್ರೌನ್ ಅನ್ನೋ ಅವಳಿ ಅಣ್ಣತಮ್ಮಂದಿರು 2001ರಲ್ಲಿ ತೆರೆದ ಮಿನಿಯೇಟೂರ್ ವುಂಡರ್‌ಲ್ಯಾಂಡ್ ಜಗತ್ತಿನ ಅತಿ ದೊಡ್ಡ ಮಾದರಿ ರೈಲು. ಎರಡು ಲಕ್ಷಕ್ಕೂ ಹೆಚ್ಚು ಗೊಂಬೆಗಳಿವೆ ಅಲ್ಲಿ, ವಿಮಾನ ನಿಲ್ದಾಣವೇ ಐತಿ. ಲಕ್ಷಾಂತರ ಜನ ಮಕ್ಕಳನ್ನು ಕರಕೊಂಡು ಮೋಜಿಗೆ ಬರುವ ಆ ಜಾಗದಲ್ಲೇ ಅವರು ಯುದ್ಧದ ನಂತರದ ಬರ್ಲಿನ್ನನ್ನೂ ಮಾಡಿ ಇಟ್ಟಿದ್ದಾರೆ. ಊರು ಎರಡು ಭಾಗ ಆದದ್ದು, ಗೋಡೆ ಎದ್ದದ್ದು, ಗೋಡೆ ಬಿದ್ದದ್ದು. ಗೋಡೆ ಬಿದ್ದು ಹೋಯ್ತಲ್ಲ, ಆಟದಲ್ಲಿ ಯಾಕೆ ಅಂತ ಅವರು ಮುಚ್ಚಿಡಲಿಲ್ಲ. ಅವರ ಗೋಡೆ ಬಿದ್ದಿದೆ, ಆದರೂ ಇಟ್ಟಿದ್ದಾರೆ. ನಮ್ಮದು ಇನ್ನೂ ನಿಂತಿದೆ, ನಾನು ಹೆಂಗ ತೆಗೀಲಿ? ಇದ್ದದ್ದನ್ನು ಇದ್ದಂಗೆ ಅಳತೆ ಹಾಕಿ ತೋರಿಸಿದ ಮೇಲೆ ಕನಸಿನ ಊರು ಕಟ್ಟೋಣ. ಅದಕ್ಕೂ ಹಲಗೆ ತಂದಿಟ್ಟೀನಿ.

ರೈಲಿನ ಜೊತೆ ನಮ್ಮ ಸಂಬಂಧ ಹಳೇದು. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಮೊದಲು ಬರೆದದ್ದೇ ಒಂದು ರೈಲು ಪ್ರಯಾಣ. 1901, ಅವರಿಗೆ ಒಂಬತ್ತು ಹತ್ತರ ವಯಸ್ಸು. ಅಣ್ಣ, ಅಕ್ಕನ ಮಕ್ಕಳ ಜೊತೆ ಸಾತಾರಾ ಕಡೆಯಿಂದ ಗಾಡಿ ಹತ್ತಿ ಮಸೂರು ಸ್ಟೇಷನ್ನಿನಲ್ಲಿ ಇಳೀತಾರೆ. ಹೊಸ ಅಂಗಿ, ಜರಿ ಟೋಪಿ. ಗಾಡಿಯೊಳಗೆ ಇರುವ ತನಕ ಎಲ್ಲ ಸರಿ. ಮಹಾರರ ಮಕ್ಕಳು ಅಂತ ತಿಳಿದ ಕೂಡಲೇ ಸ್ಟೇಷನ್ ಮಾಸ್ತರರ ಮುಖ ಬದಲಾಗ್ತದೆ. ಎತ್ತಿನ ಗಾಡಿಯವರು ದುಪ್ಪಟ್ಟು ಬಾಡಿಗೆ ಅಂದರೂ ಬರೋದಿಲ್ಲ. ಕೊನೆಗೆ ಮಕ್ಕಳೇ ಗಾಡಿ ಹೊಡೀಬೇಕು, ಗಾಡಿಯವ ಮಗ್ಗಲಿಗೆ ನಡೀತಾನೆ. ರೈಲು ಎಲ್ಲರನ್ನೂ ಒಂದೇ ಹಲಗೆ ಮೇಲೆ ಕೂಡಿಸಿತು, ಊರು ಕೂಡಿಸಲಿಲ್ಲ. ನನ್ನ ಲೇಔಟಿನಲ್ಲಿ ಗಾಡಿ ಸಲೀಸಾಗಿ ಓಡ್ತದೆ, ಆ ಹತ್ತೂವರೆ ಅಡಿ ಮಾತ್ರ ಕಾಲ್ನಡಿಗೆ.

ಕೊನೆಗೆ, ಪುರಸೊತ್ತಿನ ಮಾತು. ವಾರಕ್ಕೆ 48 ತಾಸಿನ ಕೆಲಸ ಅನ್ನೋದು ಈ ದೇಶದ ಕಾರ್ಖಾನೆಗೆ ಬರಬೇಕಾದರೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ಹಿಡಿದು ದುಡಿದವರು ಬಾಬಾಸಾಹೇಬರು. ಉಳಿದ ತಾಸು ಯಾತಕ್ಕೆ? ಬರೀ ನಿದ್ದೆಗೆ ಅಲ್ಲ. ನಮ್ಮ ಮುತ್ಯಾನಿಗೆ ಹವ್ಯಾಸ ಅನ್ನೋದು ಇರಲಿಲ್ಲ, ಕೆಲಸ ಇತ್ತು, ದಣಿವಿತ್ತು. ನಮ್ಮವನು ಯಾವಾಗಲೂ ಒಂದೋ ದುಡೀತಿರಬೇಕು, ಇಲ್ಲವೇ ಧರಣಿ ಕೂತಿರಬೇಕು ಅಂತ ಯಾರು ಗೆರೆ ಹಾಕಿದರು? ಧರಣಿಗೆ ನಾನು ತಪ್ಪಿಸಿಲ್ಲ, ತಪ್ಪಿಸೋದೂ ಇಲ್ಲ. ರಾತ್ರಿ ಎರಡು ತಾಸು ಬೆಸುಗೆ ಕಡ್ಡಿ ಹಿಡಿದು ಕೂಡುವ ಹಕ್ಕನ್ನೂ ನಾನು ಬಿಟ್ಟು ಕೊಡೋದಿಲ್ಲ.

ಈಗ ರವಿವಾರ ನಮ್ಮ ಓಣಿಯ ಏಳೆಂಟು ಮಕ್ಕಳು ಬರ್ತಾರೆ. ಯಾವ ಜಾತಿ ಅಂತ ನಾ ಕೇಳಿಲ್ಲ. ಒಂದು ಹುಡುಗಿ ಪಾಯಿಂಟ್ ತಾನಾಗಿ ಬದಲಾಗುವಂತೆ ಸಣ್ಣ ಮೋಟಾರ್ ಜೋಡಿಸೋದು ಕಲಿತಾಳೆ. ಹೋದ ವಾರ ಒಬ್ಬ ಹುಡುಗ ಬಾವಿ ಕಟ್ಟಿ ಹತ್ತಿರ ಬಗ್ಗಿ ನೋಡಿ, "ಕಾಕಾ, ಈ ಅವ್ವ ಯಾಕ ಕೆಳಗ ನಿಂತಾಳ?" ಅಂದ. ಹೇಳಿದೆ. ಸುಮ್ಮನೆ ಕೇಳಿಕೊಂಡ. ಆಮೇಲೆ ಎಲ್ಲರೂ ಸೇರಿ ಮಾತಾಡಿ ಹೊಸ ಹಲಗೆಯ ನಕ್ಷೆ ಹಾಕ್ಯಾರ. ಅದರಲ್ಲಿ ನಳ ಎಲ್ಲರ ಮನೆ ಮುಂದೆ. ಸ್ಟೇಷನ್ ಮಾಸ್ತರ ಒಬ್ಬಾಕಿ ಹೆಣ್ಣುಮಗಳು.

ನೋಡಬೇಕು, ಕಲೀಬೇಕು ಅನ್ನುವವರು ರವಿವಾರ ಮುಂಜಾನೆ ಇಬ್ರಾಹಿಂಪುರಕ್ಕೆ ಬರ್ರಿ, ಮೊದಲೊಂದು ಮೆಸೇಜ್ ಹಾಕ್ರಿ. ಮಕ್ಕಳನ್ನು ಕರಕೊಂಡು ಬಂದರೆ ಇನ್ನೂ ಚಲೋ. ಮನೆಯಲ್ಲಿ ಕೆಟ್ಟ ರೌಟರ್ ಇದ್ದರೆ ಅದರ ಅಡಾಪ್ಟರ್ ಬಿಸಾಡಬ್ಯಾಡ್ರಿ, ತರ್ರಿ. ಹೊಸ ಊರಿಗೆ ಕರೆಂಟ್ ಬೇಕಾಗೈತಿ.

ಜೈ ಭೀಮ್.